ಮಾರ್ಚ್ ಹದಿನಾಲ್ಕರ ಹಿಟ್

ರೊಸಲಿನ್ ಮಥಾಯಸ್ ದುಬೈಯಲ್ಲಿ ಏನು ಕೆಲಸ ಮಾಡುತ್ತಾಳೆಂದು ಶಿರ್ವದಲ್ಲಿರುವ ಅವಳ ಅಣ್ಣ ನೆಲ್ಸನ್‌ಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಯಾರಾದರೂ ಕೇಳಿದರೆ "ಕಂಪ್ಯೂಟರಿನ ಕೆಲಸ" ಅಂದುಬಿಡುತ್ತಾನೆ. ಅದು ಸುಳ್ಳೂ ಅಲ್ಲ. ಜುಮೇರಾ ಲೇಕ್ ಟವರ್ಸ್‌ನ ಒಂದು ಕಟ್ಟಡದ ಹತ್ತೊಂಬತ್ತನೇ ಮಹಡಿಯಲ್ಲಿ ಕ್ರೀಡೆಗಳ ಅಂಕಿಅಂಶ ಇಡುವ ಕಂಪೆನಿಯೊಂದಿದೆ. ಅಲ್ಲಿ ಕಿಟಕಿಯಿಂದ ಎರಡನೇ ಮೇಜು ಅವಳದು. ಅಮೆರಿಕದ ಕಾಲೇಜು ಹುಡುಗರು ಆಡಿದ ಬೇಸ್‌ಬಾಲ್ ಪಂದ್ಯಗಳ ಲೆಕ್ಕದಲ್ಲಿ ತಪ್ಪು ಹುಡುಕುವುದು ಅವಳ ಕೆಲಸ.

ಮೊದಲು ಹನ್ನೆರಡು ವರ್ಷ ಅವಳು ಒಂದು ಕ್ಲಿನಿಕ್ಕಿನಲ್ಲಿ ಇನ್ಶೂರೆನ್ಸ್ ಕಾಗದಗಳನ್ನು ತಿದ್ದುತ್ತಿದ್ದಳು. ಆ ಕೆಲಸ ಹೋದಾಗ ಪರಿಚಯದವರೊಬ್ಬರು ಇಲ್ಲಿಗೆ ಸೇರಿಸಿದರು. ಆಟ ಗೊತ್ತಿಲ್ಲವೆಂದು ಅವಳು ಹೆದರಿದ್ದಾಗ, ಇಲ್ಲಿನ ಟೀಮ್ ಲೀಡರ್ ರಂಜಿತ್, ಕಾಪುವಿನ ಹುಡುಗ, ಹೇಳಿದ್ದು ಇಷ್ಟೆ: "ಆಟ ಗೊತ್ತಿಲ್ಲದಿದ್ರೆ ಒಳ್ಳೇದೇ ರೊಸಲಿನ್ ಅಕ್ಕ. ಗೊತ್ತಿದ್ದವರಿಗೆ ಪಕ್ಷ ಹಿಡೀಲಿಕ್ಕೆ ಮನಸ್ಸಾಗ್ತದೆ." ನಿಯಮಗಳ ದಪ್ಪ ಪುಸ್ತಕವನ್ನು ಅವಳು ಮೂರು ತಿಂಗಳಲ್ಲಿ ಚರ್ಚಿನ ಕ್ಯಾಟೆಕಿಸಂ ಪಾಠದ ಹಾಗೆ ಬಾಯಿಪಾಠ ಮಾಡಿದಳು.

ಅಮೆರಿಕದಲ್ಲಿ ಒಂದೊಂದು ಸೀಮೆಯ ಕಾಲೇಜುಗಳು ಸೇರಿ ತಮ್ಮತಮ್ಮೊಳಗೆ ಆಡಿಕೊಳ್ಳುವ ಕೂಟಕ್ಕೆ ಕಾನ್ಫರೆನ್ಸ್ ಎನ್ನುತ್ತಾರೆ. ದೊಡ್ಡ ಕಾನ್ಫರೆನ್ಸ್‌ಗಳಿಗೆ ಅವರದೇ ಜನ ಇರುತ್ತಾರೆ. ಸಣ್ಣವರು ಇಂಥ ಕಂಪೆನಿಗಳನ್ನು ಹಿಡಿಯುತ್ತಾರೆ. ರೊಸಲಿನ್ ನೋಡುತ್ತಿದ್ದ ಗ್ರೀನ್ ಬೇಸಿನ್ ಕಾನ್ಫರೆನ್ಸ್‌ನಲ್ಲಿ ಇದ್ದದ್ದು ಎಂಟೇ ಕಾಲೇಜು. ಮೈದಾನದಲ್ಲಿ ಒಬ್ಬ ಕೂತು ಕಾಗದದಲ್ಲಿ ಸ್ಕೋರ್ ಬರೆಯುತ್ತಾನೆ. ಅದರ ಫೋಟೊ ಮತ್ತು ಪಂದ್ಯದ ವಿಡಿಯೊ ದುಬೈಗೆ ಬರುತ್ತವೆ. ಒಬ್ಬ ಆಪರೇಟರ್ ಅದನ್ನು ಟೈಪ್ ಮಾಡುತ್ತಾನೆ. ಬೆಳಿಗ್ಗೆ ರೊಸಲಿನ್ ಬಂದು ಒಂದೊಂದನ್ನೇ ಕಾಗದಕ್ಕೂ ವಿಡಿಯೊಕ್ಕೂ ಹೋಲಿಸಿ ನೋಡಿ, ಸರಿಯಿದ್ದರೆ ಆರ್.ಎಂ. ಎಂದು ತನ್ನ ಗುರುತು ಒತ್ತುತ್ತಾಳೆ. ಅವಳು ಒತ್ತಿದ ಮೇಲೆಯೇ ಅದು ಲೋಕಕ್ಕೆ ಕಾಣುವುದು: ಯಾವ ಟೀಮು ಎಷ್ಟನೇ ಸ್ಥಾನ, ಬ್ಯಾಟಿಂಗ್‌ನಲ್ಲಿ ಯಾರು ಮುಂದೆ, ಬೌಲಿಂಗಿನ ಹಾಗಿರುವ ಪಿಚಿಂಗ್‌ನಲ್ಲಿ ಯಾರು ಮುಂದೆ.

ಆ ಕೆಲಸದಲ್ಲಿ ತಲೆ ಹೆಚ್ಚು ಬಿಸಿ ಮಾಡುತ್ತಿದ್ದದ್ದು ಹಿಟ್ ಮತ್ತು ಎರರ್. ಚೆಂಡು ಹೊಡೆದು ಓಡಿದವನು ಸ್ವಂತ ಹೊಡೆತದ ಬಲದಿಂದ ಮೊದಲ ಠಾಣೆ, ಅಂದರೆ ಮೊದಲ ಬೇಸ್, ಮುಟ್ಟಿದರೆ ಅದು ಹಿಟ್. ಹಿಡಿಯಬೇಕಾದವನು ಕೈಗೆ ಬಂದ ಚೆಂಡನ್ನು ಬಿಟ್ಟದ್ದರಿಂದ ಮುಟ್ಟಿದರೆ ಅದು ಎರರ್. ಎರಡರಲ್ಲೂ ಓಡಿದವನು ಅಲ್ಲಿಯೇ ನಿಂತಿರುತ್ತಾನೆ, ಟೀಮಿಗೂ ಅಷ್ಟೇ ಲಾಭ. ಆದರೆ ಎರರ್‌ನಿಂದ ಬಂದದ್ದು ಅವನ ಹೆಸರಿಗೆ ಸೇರುವುದಿಲ್ಲ. ಆಡಿದ ಸರದಿಗಳಲ್ಲಿ ಹಿಟ್ ಎಷ್ಟು ಎಂಬುದರಿಂದ ಅವನ ಸರಾಸರಿ ಬರುತ್ತದೆ. ಅದರಲ್ಲಿ ಮೊದಲ ಸ್ಥಾನ ಬಂದವನು ಆ ವರ್ಷದ ಬ್ಯಾಟಿಂಗ್ ಲೀಡರ್.

ಆರು ವರ್ಷದಲ್ಲಿ ರೊಸಲಿನ್ ಒತ್ತಿದ ಗುರುತಿನಲ್ಲಿ ತಪ್ಪು ಸಿಕ್ಕಿದ್ದು ಒಂದೂ ಇರಲಿಲ್ಲ. ಅವಳಿಗೆ ಅದು ಹೆಮ್ಮೆ. ಹೇಳಿಕೊಳ್ಳುತ್ತಿದ್ದದ್ದು ಮಾತ್ರ ಒಬ್ಬಳೇ ಒಬ್ಬಳ ಹತ್ತಿರ, ಸ್ವೀಡಲ್‌ಳ ಹತ್ತಿರ.

ಸ್ವೀಡಲ್ ಕಿನ್ನಿಗೋಳಿಯವಳು. ಆಸ್ಪತ್ರೆಯೊಂದರ ರಿಸೆಪ್ಷನ್‌ನಲ್ಲಿದ್ದಳು. ಕರಾಮಾದ ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ, ಎರಡು ಮಂಚ ಹಿಡಿಯುವಷ್ಟೇ ಅಗಲದ ಕೋಣೆಯಲ್ಲಿ ಇಬ್ಬರೂ ಹನ್ನೊಂದು ವರ್ಷ ಒಟ್ಟಿಗಿದ್ದರು. ರೊಸಲಿನ್‌ಗೆ ಮದುವೆಯಾಗಲಿಲ್ಲ. ಸ್ವೀಡಲ್‌ಳ ಗಂಡ ಮದುವೆಯಾದ ನಾಲ್ಕನೇ ವರ್ಷಕ್ಕೇ ತೀರಿಕೊಂಡಿದ್ದ. ಹಾಗೆಂದು ಇಬ್ಬರೂ ಕೂತು ದುಃಖ ಹಂಚಿಕೊಂಡವರೇನಲ್ಲ. ಸ್ವೀಡಲ್ ಬಾಯಿ ತೆರೆದರೆ ನಿಲ್ಲಿಸುತ್ತಿರಲಿಲ್ಲ. ಆಸ್ಪತ್ರೆಗೆ ಬಂದ ರೋಗಿಗಳು, ಅವರ ಗಂಡಂದಿರು, ಲಿಫ್ಟಿನಲ್ಲಿ ಸಿಕ್ಕವರು, ಎಲ್ಲರ ಕತೆಯೂ ಅವಳ ಹತ್ತಿರ ಇತ್ತು. ರೊಸಲಿನ್ ಈರುಳ್ಳಿ ಕೊಯ್ಯುತ್ತ "ಮತ್ತೆ?" ಅನ್ನುವಳು. ಭಾನುವಾರ ಊದ್ ಮೇಥಾದ ಚರ್ಚಿಗೆ, ಅಲ್ಲಿಂದ ಒಂದು ಚಹಾ, ಅಲ್ಲಿಂದ ನಡೆದುಕೊಂಡೇ ಮನೆಗೆ. ಹನ್ನೊಂದು ವರ್ಷ ಹೀಗೆ ಹೋಯಿತು.

ಫೆಬ್ರವರಿಯಲ್ಲಿ ಆಸ್ಪತ್ರೆಯವರು ಸ್ವೀಡಲ್‌ಳ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಬೇರೆ ಕಡೆ ನೋಡೋಣವೆಂದು ರೊಸಲಿನ್ ನಾಲ್ಕೈದು ಅರ್ಜಿ ಹಾಕಿಸಿದಳು. ಆದರೆ ಅಷ್ಟರಲ್ಲಿ ಊರಿನಲ್ಲಿ ಅಕ್ಕನ ಗಂಡ ತೀರಿಕೊಂಡು, ಅಕ್ಕ ಒಬ್ಬಳೇ ಆಗಿ, ಸ್ವೀಡಲ್‌ಳ ಮನಸ್ಸು ಆ ಕಡೆ ತಿರುಗಿತ್ತು. "ಸಾಕು ರೋಜಿ. ಇನ್ನೆಷ್ಟು ದಿನ ಇಲ್ಲಿ?" ಅಂದಳು. ವೀಸಾ ಕ್ಯಾನ್ಸಲ್ ಆಯಿತು. ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಮಂಗಳೂರಿನ ವಿಮಾನ.

ರೊಸಲಿನ್ ಟ್ಯಾಕ್ಸಿಯಲ್ಲಿ ಜೊತೆಗೆ ಹೋದಳು. ವಿಮಾನ ನಿಲ್ದಾಣದ ಬಾಗಿಲಲ್ಲಿ ಸ್ವೀಡಲ್ ಟ್ರಾಲಿ ಹಿಡಿದುಕೊಂಡು ಏನೋ ಹೇಳಲು ನಿಂತಾಗ ಇವಳು, "ಯಲ್ಲಾ, ನಡಿ ಬೇಗ, ಕ್ಯೂ ಉದ್ದ ಉಂಟು" ಎಂದು ಅವಳ ಬೆನ್ನು ತಳ್ಳಿದಳು. ಇನ್ನು ಒಂದು ನಿಮಿಷ ನಿಂತರೆ ತಾನು ಎಲ್ಲರೆದುರು ಅತ್ತುಬಿಡುತ್ತೇನೆಂಬ ಭಯ. ಸ್ವೀಡಲ್ ಗಾಜಿನ ಬಾಗಿಲ ಆಚೆಯಿಂದ ಒಮ್ಮೆ ತಿರುಗಿ ನೋಡಿದಳು. ರೊಸಲಿನ್ ಅಲ್ಲಿಂದ ನೇರ ಮೆಟ್ರೋ ಹತ್ತಿ ಆಫೀಸಿಗೆ ಬಂದು, ಎಂಟು ಗಂಟೆಗೆ ಮೇಜಿನೆದುರು ಕೂತಳು. ಆ ದಿನ ಎಪ್ಪತ್ತೊಂದು ನಮೂದುಗಳಿಗೆ ಆರ್.ಎಂ. ಒತ್ತಿದಳು. ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಅದರಲ್ಲಿ ಅಭ್ಯಾಸಬಲದಿಂದ ಇಬ್ಬರಿಗೆಂದು ಬೇಯಿಸಿದ ಅನ್ನವೆಲ್ಲ ಇತ್ತು.

ಸ್ವೀಡಲ್‌ಳ ಮಂಚಕ್ಕೆ ಏಪ್ರಿಲ್‌ನಲ್ಲಿ ಫರ್ಝಾನ ಬಂದಳು. ಉಪ್ಪಳದ ಹುಡುಗಿ, ಇಪ್ಪತ್ತಾರು ವರ್ಷ, ಫಾರ್ಮಸಿಯಲ್ಲಿ ಕೆಲಸ. ಒಳ್ಳೆಯ ಹುಡುಗಿಯೇ. ಆದರೆ ಬಂದವಳೇ ಕಿವಿಗೆ ಹೆಡ್‌ಫೋನ್ ಹಾಕಿ ಮದುವೆ ನಿಶ್ಚಯವಾದ ಹುಡುಗನ ಜೊತೆ ಪಿಸುಪಿಸು ಮಾತಾಡುತ್ತ ಗೋಡೆಯ ಕಡೆ ತಿರುಗಿ ಮಲಗುವಳು. "ಊಟ ಆಯ್ತಾ ಆಂಟಿ?" "ಆಯ್ತಮ್ಮ." ಕೋಣೆಯಲ್ಲಿ ದಿನಕ್ಕೆ ಅಷ್ಟೇ ಮಾತು.

ಊರಿನಿಂದ ಸ್ವೀಡಲ್ ಮೊದಲ ವಾರ ದಿನಾ ಫೋನ್ ಮಾಡಿದಳು. ಆಮೇಲೆ ದಿನ ಬಿಟ್ಟು ದಿನ. ಆಮೇಲೆ ಭಾನುವಾರ. ಮೇ ತಿಂಗಳ ಹೊತ್ತಿಗೆ ಬೆಳಿಗ್ಗೆ ಒಂದು ಹೂವಿನ ಚಿತ್ರ ಬರುತ್ತಿತ್ತು, ಕೆಳಗೆ ಬೈಬಲ್ಲಿನ ಒಂದು ವಾಕ್ಯ. ಅದು ತನ್ನೊಬ್ಬಳಿಗೆ ಬಂದದ್ದಲ್ಲ, ನೂರು ಜನರಿಗೆ ಒಟ್ಟಿಗೆ ಹೋದದ್ದು ಎಂದು ರೊಸಲಿನ್‌ಗೆ ಗೊತ್ತಿತ್ತು.

ಆ ದಿನಗಳಲ್ಲೇ ಅವಳಿಗೆ ಹಾರ್ಲೋ ಕ್ರೀಕ್ ಎಂಬ ಕಾಲೇಜಿನ ಮೇಲೆ ಮಮತೆ ಹತ್ತಿದ್ದು. ಗ್ರೀನ್ ಬೇಸಿನ್‌ನ ಎಂಟು ಕಾಲೇಜುಗಳಲ್ಲಿ ಅದು ಎಂಟನೆಯದು. ಸೋಲುವುದೆಂದರೆ ಅವರ ಹಾಗೆ ಸೋಲಬೇಕು: ಹನ್ನೊಂದಕ್ಕೆ ಎರಡು, ಒಂಬತ್ತಕ್ಕೆ ಸೊನ್ನೆ, ಹದಿನಾರಕ್ಕೆ ಒಂದು. ಆ ಟೀಮಿನಲ್ಲಿ ಕೋಲ್ಬಿ ರೀಸ್ ಎಂಬ ಕೊನೆಯ ವರ್ಷದ ಹುಡುಗನೊಬ್ಬನಿದ್ದ. ಸತತ ಹನ್ನೊಂದು ಪಂದ್ಯ ಸೋತ ಹೊತ್ತಿನಲ್ಲೂ ಅವನದು ಮಾತ್ರ ದಿನಕ್ಕೊಂದೋ ಎರಡೋ ಹಿಟ್ ತಪ್ಪುತ್ತಿರಲಿಲ್ಲ. ಅವನು ಬೇಸ್ ಮುಟ್ಟಿ ನಿಲ್ಲುವನು, ಅವನ ಹಿಂದೆ ಬಂದ ಮೂವರೂ ಔಟಾಗುವರು, ಅವನು ತಲೆಯಿಂದ ಹೆಲ್ಮೆಟ್ ತೆಗೆದು ನಿಧಾನಕ್ಕೆ ವಾಪಸ್ ನಡೆಯುವನು. ವಿಡಿಯೊದ ತುಣುಕುಗಳಲ್ಲಿ ರೊಸಲಿನ್ ಈ ನಡಿಗೆಯನ್ನು ಎಷ್ಟೋ ಸಲ ನೋಡಿದ್ದಳು. ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಮೊದಲು ನೋಡುತ್ತಿದ್ದದ್ದೇ ಹಾರ್ಲೋ ಕ್ರೀಕ್. ಪಕ್ಷ ಹಿಡಿಯಬಾರದೆಂದು ರಂಜಿತ್ ಹೇಳಿದ್ದು ನೆನಪಾದರೂ, ಮನಸ್ಸಿನಲ್ಲಿ ಹಿಡಿದರೆ ಯಾರಿಗೆ ಏನು ತೊಂದರೆ ಎಂದುಕೊಳ್ಳುವಳು.

ಮೇ ಮೂರನೇ ವಾರ ಸೀಸನ್ ಮುಗಿಯಿತು. ನಲವತ್ತು ಪಂದ್ಯಗಳಲ್ಲಿ ಹಾರ್ಲೋ ಕ್ರೀಕ್ ಗೆದ್ದದ್ದು ಐದು, ಸೋತದ್ದು ಮೂವತ್ತೈದು. ಆದರೆ ಬ್ಯಾಟಿಂಗ್ ಪಟ್ಟಿಯ ಮೇಲ್ತುದಿಯಲ್ಲಿ ಕೋಲ್ಬಿ ರೀಸ್‌ನ ಹೆಸರಿತ್ತು. ನೂರೈವತ್ತು ಸರದಿಯಲ್ಲಿ ಐವತ್ತೆಂಟು ಹಿಟ್, ಸರಾಸರಿ ಪಾಯಿಂಟ್ ಮುನ್ನೂರ ಎಂಬತ್ತೇಳು, ಅಂದರೆ ಸಾವಿರ ಸರದಿಗೆ ಅಷ್ಟು ಹಿಟ್. ಅವನ ಹಿಂದೆ, ಮುನ್ನೂರ ಎಂಬತ್ತಮೂರರಲ್ಲಿ, ಮೂವತ್ತೊಂದು ಪಂದ್ಯ ಗೆದ್ದು ಚಾಂಪಿಯನ್ ಆದ ಸೇಂಟ್ ಆಲ್ಡನ್ ಕಾಲೇಜಿನ ಬ್ರಾಂಟ್ ಎಂಬವನು. ಅಧಿಕೃತ ಪಟ್ಟಿ ಮಂಗಳವಾರ ಹೊರಬೀಳಬೇಕಿತ್ತು. ಮೊದಲೆರಡು ಸ್ಥಾನದಲ್ಲಿ ಅಂತರ ಕಡಿಮೆಯಿದ್ದರೆ ಇಬ್ಬರ ಎಲ್ಲ ಹಿಟ್‌ಗಳನ್ನೂ ಇನ್ನೊಮ್ಮೆ ನೋಡಬೇಕೆಂಬ ನಿಯಮ. ಶುಕ್ರವಾರ ರೊಸಲಿನ್ ಖುಷಿಯಿಂದಲೇ ಅದಕ್ಕೆ ಕೂತಳು.

ಇಪ್ಪತ್ತಮೂರನೆಯ ತುಣುಕಿನಲ್ಲಿ ಅವಳ ಕೈ ನಿಂತಿತು.

ಕೋಲ್ಬಿ ರೀಸ್ ಹೊಡೆದ ಚೆಂಡು ನೆಲದ ಮೇಲೆ ಉರುಳಿಕೊಂಡು ನೇರ ಎದುರಿನ ಆಟಗಾರನ ಹತ್ತಿರ ಹೋಗುತ್ತದೆ. ಏನೂ ಕಷ್ಟದ ಚೆಂಡಲ್ಲ. ಅವನು ಬಗ್ಗುತ್ತಾನೆ. ಚೆಂಡು ಅವನ ಎರಡು ಕಾಲುಗಳ ನಡುವಿನಿಂದ ಹಿಂದಕ್ಕೆ ಹೋಗಿಬಿಡುತ್ತದೆ. ರೀಸ್ ಓಡಿ ಬೇಸ್ ಮುಟ್ಟುತ್ತಾನೆ. ಎರರ್. ಕೆಲಸಕ್ಕೆ ಸೇರಿ ಒಂದು ವಾರವಾದವರೂ ಹೇಳಬಲ್ಲಂಥ ಎರರ್. ಆದರೆ ನಮೂದಿನಲ್ಲಿ ಹಿಟ್ ಎಂದಿತ್ತು. ಅದನ್ನು ಟೈಪ್ ಮಾಡಿದ್ದ ಆಪರೇಟರ್ ಕೆಲಸ ಬಿಟ್ಟು ಹೋಗಿ ಒಂದು ತಿಂಗಳಾಗಿತ್ತು. ಕೆಳಗೆ ಒಪ್ಪಿಗೆಯ ಗುರುತು: ಆರ್.ಎಂ., ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಹನ್ನೊಂದು ನಲವತ್ತೆರಡು.

ಅವಳು ಮತ್ತೆ ಮತ್ತೆ ನೋಡಿದಳು. ಪ್ರತಿ ಸಲವೂ ಚೆಂಡು ಅದೇ ಕಾಲುಗಳ ನಡುವೆ ಹೋಯಿತು. ಹಿಟ್ ಐವತ್ತೇಳಾದರೆ ರೀಸ್‌ನ ಸರಾಸರಿ ಮುನ್ನೂರ ಎಂಬತ್ತಕ್ಕೆ ಇಳಿಯುತ್ತದೆ. ಬ್ರಾಂಟ್ ಮೇಲಕ್ಕೆ ಹೋಗುತ್ತಾನೆ.

ರಂಜಿತ್‌ನನ್ನು ಕರೆದು ತೋರಿಸಿದಳು. ಅವನು ಅವಳ ಕುರ್ಚಿಯ ಹಿಂದೆ ನಿಂತು ಎರಡು ಸಲ ನೋಡಿದ. ಆಮೇಲೆ ಪಕ್ಕದ ಕುರ್ಚಿ ಎಳೆದು ಕೂತು, ದನಿ ತಗ್ಗಿಸಿದ.

"ಅಕ್ಕ, ಇದನ್ನು ಬೇರೆ ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ."

"ಹಾಗಾದ್ರೆ ಹೇಳ್ಲಿಕ್ಕೆ ಹೋಗ್ಬೇಡಿ. ಎರಡು ತಿಂಗಳು ಯಾರೂ ಕೇಳ್ಲಿಲ್ಲ, ಇನ್ನು ಯಾರು ಕೇಳ್ತಾರೆ? ಸೀಸನ್ ಖಲಾಸ್."

"ಆದ್ರೆ ಅದು ಹಿಟ್ ಅಲ್ಲ ರಂಜಿತ್."

"ಅಲ್ಲ, ನಾನೂ ನೋಡಿದೆ. ನೀವು ಈ ಕಡೆ ಸ್ವಲ್ಪ ನೋಡಿ." ಅವನು ಬೆರಳು ಮಡಚಿದ. "ಅವ್ರ ಕಾಂಟ್ರಾಕ್ಟ್ ಮುಂದಿನ ತಿಂಗಳು ರಿನ್ಯೂ ಆಗ್ಬೇಕು. ಇಂಥದ್ದೊಂದು ನಾವೇ ತೆಗ್ದು ಕೊಟ್ರೆ ಉಳಿದದ್ದೆಲ್ಲ ಸರಿ ಉಂಟಾ ಅಂತ ಕೇಳ್ತಾರೆ. ಮತ್ತೆ ನಿಮ್ಮ ರೆಕಾರ್ಡ್. ಆರು ವರ್ಷ ಒಂದು ತಪ್ಪಿಲ್ಲ ನಿಮ್ದು. ಎಲ್ಲಕ್ಕಿಂತ ಹೆಚ್ಚು, ಆ ಹುಡುಗ. ಮೂವತ್ತೈದು ಮ್ಯಾಚ್ ಸೋತಿದ್ದಾನೆ ಮಾರಾಯ್ರೆ. ಇದೊಂದಾದ್ರೂ ಅವನಿಗಿರ್ಲಿ. ಆ ಇನ್ನೊಬ್ಬನಿಗೆ ಕಪ್ಪೇ ಸಿಕ್ಕಿದೆ."

ರೊಸಲಿನ್ ವಿಡಿಯೊ ಮುಚ್ಚಿದಳು. ಕೊನೆಯ ಮಾತು ಅವಳದೇ ಮನಸ್ಸಿನ ಮಾತಾಗಿತ್ತು.

"ಸೋಮವಾರ ಮಾತಾಡುವ," ಎಂದು ರಂಜಿತ್ ಎದ್ದ. ಎರಡು ಹೆಜ್ಜೆ ಹೋದವನು ತಿರುಗಿ, "ಆ ದಿನ ಎಂತ ಆಗಿತ್ತು ನಿಮ್ಗೆ? ಹುಷಾರಿರ್ಲಿಲ್ವಾ?" ಎಂದು ಕೇಳಿದ.

"ನೆನಪಿಲ್ಲ," ಅಂದಳು.

ಶನಿವಾರ ಅವಳು ಕೋಣೆಯಲ್ಲೇ ಇದ್ದಳು. ಬಟ್ಟೆ ಒಗೆದಳು, ಫ್ಯಾನಿನ ಧೂಳು ಒರೆಸಿದಳು. ಮಧ್ಯೆ ಮಧ್ಯೆ ಫೋನಿನಲ್ಲಿ ಹಾರ್ಲೋ ಕ್ರೀಕ್ ಕಾಲೇಜಿನ ಪುಟ ತೆರೆದು ನೋಡಿದಳು. ಅವರು ಆಗಲೇ ರೀಸ್‌ನ ಫೋಟೊ ಹಾಕಿ, 'ನಮ್ಮ ಹುಡುಗ ಕಾನ್ಫರೆನ್ಸ್‌ಗೇ ಮೊದಲಿಗ' ಎಂಬರ್ಥದಲ್ಲಿ ದೊಡ್ಡದಾಗಿ ಬರೆದಿದ್ದರು. ಫೋಟೊದಲ್ಲಿ ಅವನ ಪಕ್ಕ ಟೋಪಿ ಹಾಕಿದ ಒಬ್ಬ ದಪ್ಪ ಮನುಷ್ಯ ನಿಂತಿದ್ದ. ಮುಖದ ಹೋಲಿಕೆ ನೋಡಿದರೆ ಅಪ್ಪನಿರಬೇಕು. ನಗು ಮಗನಿಗಿಂತ ಅಪ್ಪನದೇ ಹೆಚ್ಚು. ಅವಳು ಫೋನ್ ಮಗುಚಿಟ್ಟಳು.

ಭಾನುವಾರ ಕೊಂಕಣಿ ಪೂಜೆ ಮುಗಿಸಿ ಹೊರಗೆ ಬಂದವಳು ಚರ್ಚಿನ ಅಂಗಳದ ನೆರಳಿನಲ್ಲಿ ನಿಂತು ಬೋಟಿಮ್ ಆ್ಯಪ್‌ನಲ್ಲಿ ಸ್ವೀಡಲ್‌ಗೆ ಕರೆ ಮಾಡಿದಳು. ಆ ಕಡೆ ಬ್ಯಾಂಡಿನ ಸದ್ದು, ಹೆಂಗಸರ ನಗು.

"ರೋಜಿ! ನೋಡು, ಇಲ್ಲಿ ರೋಸ್ ನಡೀತಾ ಉಂಟು, ಅಕ್ಕನ ನಾದಿನಿಯ ಮಗಳದ್ದು! ನನ್ನ ಕೈ ಇಡೀ ತೆಂಗಿನ ಹಾಲು!" ಸ್ವೀಡಲ್ ಕೂಗಿ ಹೇಳುತ್ತಿದ್ದಳು. ನಾಳೆ ಮದುಮಗಳಾಗುವವಳಿಗೆ ಹಾಲು ಹಚ್ಚುವ ಸಂಭ್ರಮ. "ಹೇಳು, ಎಂತ ವಿಶೇಷ?"

"ಕೆಲಸದಲ್ಲಿ ಒಂದು ತಪ್ಪಾಗಿದೆ ಸ್ವೀಡಲ್. ನಾನು ಮಾಡಿದ್ದು."

"ಎಂತ? ಕೇಳುವುದಿಲ್ಲ!"

"ತಪ್ಪು! ಒಂದು ಹಿಟ್ಟು..."

"ಹಿಟ್ಟಾ? ಅಯ್ಯೋ, ನೀನು ಇನ್ನೂ ಆ ಚೆಂಡಾಟದವರಲ್ಲೇ ಇದ್ದಿಯಾ?" ಸ್ವೀಡಲ್ ನಕ್ಕಳು. ಅದು ಮೊದಲಿನ ನಗುವೇ. ರೊಸಲಿನ್ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. "ನೀನು ತಪ್ಪು ಮಾಡುವವಳಲ್ಲ, ಬಿಡು. ನಾನು ಆಮೇಲೆ ಮಾಡ್ತೇನೆ ಆಯ್ತಾ? ಕರೀತಾ ಇದ್ದಾರೆ."

ಕರೆ ಕಡಿಯಿತು. ಅಂಗಳದಲ್ಲಿ ಜನ ಗುಂಪು ಗುಂಪಾಗಿ ನಿಂತಿದ್ದರು, ಮಕ್ಕಳು ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ರೊಸಲಿನ್ ಅವರ ನಡುವಿನಿಂದ ದಾರಿ ಮಾಡಿಕೊಂಡು ಹೊರಟಳು. ಚಹಾ ಕುಡಿಯಬೇಕೆನಿಸಲಿಲ್ಲ.

ಸೋಮವಾರ ಅವಳು ಆಫೀಸಿಗೆ ಒಂದು ಗಂಟೆ ಮೊದಲೇ ಬಂದಳು. ಏನು ಮಾಡಬೇಕೆಂದು ಇನ್ನೂ ತೀರ್ಮಾನಿಸಿರಲಿಲ್ಲ. ಸುಮ್ಮನೆ, ಆ ದಿನದ ಕಾಗದದ ಫೋಟೊ ಒಮ್ಮೆ ನೋಡೋಣವೆಂದು ತೆರೆದಳು. ಶುಕ್ರವಾರ ವಿಡಿಯೊ ನೋಡಿದ ಗಾಬರಿಯಲ್ಲಿ ಅದನ್ನು ನೋಡಿರಲೇ ಇಲ್ಲ.

ಮೈದಾನದಲ್ಲಿ ಸ್ಕೋರ್ ಬರೆಯುತ್ತಿದ್ದವರದು ವಯಸ್ಸಾದ ಕೈಬರಹ. ಪೆನ್ಸಿಲ್ಲಿನಲ್ಲಿ, ಸ್ವಲ್ಪ ನಡುಗಿದ ಗೆರೆಗಳು. ಆ ದಿನ ಅಲ್ಲಿ ಹನಿ ಬಿದ್ದಿರಬೇಕು, ಕಾಗದದ ಒಂದು ಮೂಲೆ ಉಬ್ಬಿತ್ತು. ರೀಸ್‌ನ ಸಾಲಿನಲ್ಲಿ, ಆ ಮನೆಯಲ್ಲಿ, ಎರರ್ ಎಂಬ ಗುರುತನ್ನು ಅವರು ಸ್ಪಷ್ಟವಾಗಿ ಬರೆದಿದ್ದರು. ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ತಮ್ಮ ಕಾಲೇಜಿನ ಹುಡುಗನಿಗೇ ಸಿಗಬಹುದಾಗಿದ್ದ ಹಿಟ್ ಅನ್ನು ಹಾರ್ಲೋ ಕ್ರೀಕ್‌ನ ಆ ಮುದುಕರು ಕೊಟ್ಟಿರಲಿಲ್ಲ.

ರೊಸಲಿನ್ ಆ ಎರಡು ಗೆರೆಗಳನ್ನೇ ನೋಡುತ್ತ ಕೂತಳು. ಚಳಿಯಲ್ಲೋ ಮಳೆಯಲ್ಲೋ, ಸೋಲುವ ಟೀಮಿನ ಬೆಂಚಿನ ಪಕ್ಕ ಒಬ್ಬರು ಕೂತು ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾರೆ. ಅವರು ಬರೆದದ್ದನ್ನು ತಾನು ಏಳು ಸಾವಿರ ಮೈಲಿ ಆಚೆ, ಎಸಿಯ ತಣ್ಣನೆಯ ಕೋಣೆಯಲ್ಲಿ ಕೂತು, ಓದದೆ ಸುಳ್ಳು ಮಾಡಿದ್ದೇನೆ. ಆ ಹುಡುಗನ ಮೇಲಿನ ಕನಿಕರ ಅವಳ ಮನಸ್ಸಿನಿಂದ ಹೋಗಲಿಲ್ಲ. ಆದರೆ ಕೈ ಮಾತ್ರ ತಿದ್ದುಪಡಿಯ ಫಾರಂ ತೆರೆಯಿತು.

ರಂಜಿತ್ ಬರುವಷ್ಟರಲ್ಲಿ ಅದು ತುಂಬಿ ಆಗಿತ್ತು. ಒಂದು ಮನೆ ಮಾತ್ರ ಖಾಲಿ: ತಪ್ಪಿಗೆ ಕಾರಣ.

"ಹಾಗಾದ್ರೆ ಕಳಿಸುವುದೇ?" ಅಂದ.

"ಕಳಿಸುವುದೇ."

"ನಿಮ್ಗೆ ವಾರ್ನಿಂಗ್ ಲೆಟರ್ ಬರ್ತದೆ ಅಕ್ಕ. ನನ್ನ ಕೈಯಲ್ಲಿ ತಡೀಲಿಕ್ಕೆ ಆಗುದಿಲ್ಲ."

"ಬರ್ಲಿ. ಈ ಕಾರಣ ಅಂತ ಉಂಟಲ್ಲ, ಇಲ್ಲಿ ಎಂತ ಬರೀಬೇಕು?"

"ಎಂತ ಆಗಿತ್ತೋ ಅದು."

ಅವಳು ಒಂದೆರಡು ಅಕ್ಷರ ಒತ್ತಿ ಅಳಿಸಿದಳು. ಗಮನ ಇರಲಿಲ್ಲ ಎಂದು ಬರೆದಳು. ಕಳಿಸಿದಳು.

ಮಂಗಳವಾರ ಅಧಿಕೃತ ಪಟ್ಟಿಯಲ್ಲಿ ಬ್ರಾಂಟ್‌ನ ಹೆಸರು ಮೇಲೆ ಬಂತು, ರೀಸ್‌ನದು ಎರಡನೆಯದಾಯಿತು. ಹಾರ್ಲೋ ಕ್ರೀಕ್‌ನ ಪುಟದಿಂದ ಆ ಫೋಟೊ ಮಾಯವಾಯಿತು. ರಂಜಿತ್ ಹೇಳಿದ ಹಾಗೆಯೇ ಕಾನ್ಫರೆನ್ಸ್‌ನವರು ಆ ದಿನದ ಎಪ್ಪತ್ತೊಂದು ನಮೂದುಗಳನ್ನೂ ಮತ್ತೆ ನೋಡಬೇಕೆಂದರು. ಅನ್ಸಿಫ್ ಎಂಬ ಹೊಸ ಹುಡುಗ ಎರಡು ದಿನ ಕೂತು ನೋಡಿ, ಇನ್ನೂ ಎರಡು ಸಣ್ಣ ತಪ್ಪು ತೆಗೆದ. ಅವನು ಅದನ್ನು ಹೇಳಲು ಬಂದಾಗ ಅವಳ ಮುಖ ನೋಡದೆ ಮೇಜು ನೋಡಿ ಮಾತಾಡಿದ. ವಾರ ಕಳೆದು ಎಚ್.ಆರ್.ನಿಂದ ಎಚ್ಚರಿಕೆಯ ಕಾಗದ ಬಂತು. ಕಾನ್ಫರೆನ್ಸ್ ಕಾಂಟ್ರಾಕ್ಟನ್ನೇನೋ ಒಂದು ವರ್ಷಕ್ಕೆ ಮುಂದುವರಿಸಿತು, ಆದರೆ ಪರಿಶೀಲನೆಗೆ ಬೇರೆಯವರಿರಲಿ ಎಂದು ಕೇಳಿತು. ರೊಸಲಿನ್‌ಗೆ ಯುರೋಪಿನ ಹ್ಯಾಂಡ್‌ಬಾಲ್ ಕೊಟ್ಟರು. ಮತ್ತೊಂದು ದಪ್ಪ ನಿಯಮ ಪುಸ್ತಕ.

ಗ್ರೀನ್ ಬೇಸಿನ್‌ನ ಪುಟಗಳು ಅವಳ ಕಂಪ್ಯೂಟರಿನಲ್ಲಿ ತೆರೆಯುವುದು ನಿಂತುಹೋಯಿತು. ಮೊದಲ ದಿನ ಕೈ ತಪ್ಪಿ ಒತ್ತಿದಾಗ, ನಿಮಗೆ ಅನುಮತಿಯಿಲ್ಲ ಎಂದು ಬಂತು. ಸಂಜೆ ಕೋಣೆಗೆ ಹೋದರೆ ಫರ್ಝಾನ ಗೋಡೆಯ ಕಡೆ ತಿರುಗಿ ಪಿಸುಗುಡುತ್ತಿದ್ದಳು. ಆ ದಿನ ರೊಸಲಿನ್‌ಗೆ ತಾನು ಈ ಊರಿನಲ್ಲಿ ಯಾರಿಗೂ ಏನೂ ಹೇಳದೆ ಎಷ್ಟು ದಿನ ಇರಬಹುದು ಎಂಬ ಯೋಚನೆ ಬಂತು. ಎಣಿಸಿ ನೋಡಿದಳು. ಊಟ ಆಯಿತು ಎಂಬುದನ್ನು ಬಿಟ್ಟರೆ, ಬಹಳ ದಿನ ಇರಬಹುದಾಗಿತ್ತು.

ಜೂನ್ ಮಧ್ಯದಲ್ಲಿ ರಂಜಿತ್ ಒಂದು ಪ್ರಿಂಟ್ ತೆಗೆದ ಹಾಳೆ ಹಿಡಿದುಕೊಂಡು ಬಂದ. "ಇದು ನಿಮ್ಗೆ. ಕಾನ್ಫರೆನ್ಸ್ ಆಫೀಸಿನ ಮೂಲಕ ಬಂದದ್ದು. ವಾಪಸ್ ಬರೀಲಿಕ್ಕೆ ಮಾತ್ರ ಇಲ್ಲ, ಆಟಗಾರರ ಜೊತೆ ನಮ್ದು ಪತ್ರವ್ಯವಹಾರ ಇರಬಾರ್ದು ಅಂತ ರೂಲ್ಸ್."

ಇಂಗ್ಲಿಷಿನಲ್ಲಿ ಒಂದೇ ಪುಟ. ಸ್ಕೋರ್ ತಿದ್ದಿದವರಿಗೆ ಎಂದು ಶುರು. ಬರೆದದ್ದು ಕೋಲ್ಬಿ ರೀಸ್.

'ಆ ಚೆಂಡು ಕಾಲುಗಳ ನಡುವೆ ಹೋದದ್ದನ್ನು ನಾನು ಓಡುತ್ತಲೇ ನೋಡಿದ್ದೆ. ಎರಡು ದಿನ ಬಿಟ್ಟು ವೆಬ್‌ಸೈಟಿನಲ್ಲಿ ನೋಡಿದರೆ ಅದು ಹಿಟ್ ಎಂದಿತ್ತು. ಯಾರಾದರೂ ತಿದ್ದುತ್ತಾರೆ ಎಂದು ಎರಡು ವಾರ ಕಾದೆ. ಆಮೇಲೆ ನೋಡುವುದನ್ನೇ ಬಿಟ್ಟೆ. ನಾನೇ ಹೇಳಬಹುದಿತ್ತು, ಹೇಳಲಿಲ್ಲ. ನಮ್ಮ ಸ್ಕೋರರ್ ಹ್ಯಾರಿಸ್ ಅವರು ಪಟ್ಟಿ ನೋಡಿದ ಮೇಲೆ, ನಾನೇ ಹೇಳಲಿ ಎಂದು ಕಾದು, ನನ್ನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ಅಪ್ಪ ಮಾತ್ರ ಊರಿಗೆಲ್ಲ ಹೇಳಿಕೊಂಡು ಬಂದರು. ಅವರು ಶುರುಮಾಡಿದರೆ ನಾನು ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಪಟ್ಟಿ ಬದಲಾದ ದಿನ ಅಪ್ಪನಿಗೆ ಬೇಜಾರಾಯಿತು. ನಾನು ಹ್ಯಾರಿಸ್ ಅವರ ಮನೆಗೆ ಹೋಗಿ ಕಾಫಿ ಕುಡಿದು ಬಂದೆ.

'ನಾವು ಈ ವರ್ಷ ಐದು ಪಂದ್ಯ ಗೆದ್ದೆವು. ನಾಲ್ಕನೆಯದನ್ನು ಸೇಂಟ್ ಆಲ್ಡನ್ ಮೇಲೆ ಗೆದ್ದೆವು, ಅವರದೇ ಮೈದಾನದಲ್ಲಿ. ಆ ದಿನ ನನ್ನದು ಒಂದು ಹಿಟ್ ಕೂಡ ಇರಲಿಲ್ಲ. ಆದರೂ ನನ್ನ ನಾಲ್ಕು ವರ್ಷಗಳಲ್ಲಿ ಅದಕ್ಕಿಂತ ಒಳ್ಳೆಯ ದಿನ ಇಲ್ಲ. ತಪ್ಪು ಮೊದಲು ನಿಮ್ಮಿಂದಲೇ ಆದದ್ದೆಂದು ಕೇಳಿದೆ. ಹಾಗಿದ್ದೂ ಹೇಳಿದ್ದಕ್ಕೆ ಥ್ಯಾಂಕ್ಸ್. ನನ್ನಿಂದ ಆಗಿರಲಿಲ್ಲ.'

ರೊಸಲಿನ್ ಅದನ್ನು ಮೂರು ಸಲ ಓದಿದಳು. ಮಡಚಿ ಬ್ಯಾಗಿನಲ್ಲಿಟ್ಟಳು. ಮಧ್ಯಾಹ್ನದ ಬಿಡುವಿನಲ್ಲಿ ಲಿಫ್ಟ್ ಇಳಿದು ಹೊರಗೆ ಬಂದರೆ ಬಿಸಿಲು ಮುಖಕ್ಕೆ ಹೊಡೆಯಿತು. ಸರೋವರದ ದಂಡೆಯ ಬೆಂಚುಗಳಲ್ಲಿ ಒಬ್ಬರೂ ಇರಲಿಲ್ಲ. ಅವಳು ಹಿಂದಿರುಗಿ ಕಟ್ಟಡದ ಲಾಬಿಯಲ್ಲೇ ಒಂದು ಸೋಫಾದ ತುದಿಯಲ್ಲಿ ಕೂತು ಸ್ವೀಡಲ್‌ಗೆ ಕರೆ ಮಾಡಿದಳು. ಈ ಸಲ ಆ ಕಡೆ ಸದ್ದಿರಲಿಲ್ಲ, ಊರಿಗೆ ಹೋದ ಮೇಲೆ ಅವಳು ಹಿಡಿದಿದ್ದ ಹೊಲಿಗೆ ಯಂತ್ರದ ಗರಗರ ಮಾತ್ರ.

"ಅಪರೂಪ!" ಅಂದಳು ಸ್ವೀಡಲ್. "ಆ ದಿನ ಎಂತದೋ ತಪ್ಪು ಅಂದಿ. ಮತ್ತೆ ನಾನು ಫೋನ್ ಮಾಡ್ಲೇ ಇಲ್ಲ. ಎಂತ ಆಯ್ತು ಅದು?"

ರೊಸಲಿನ್ ಹೇಳಿದಳು. ಚೆಂಡು, ಕಾಲು, ಪೆನ್ಸಿಲ್ಲಿನ ಎರಡು ಗೆರೆ, ಹ್ಯಾಂಡ್‌ಬಾಲ್. ಸ್ವೀಡಲ್‌ಗೆ ಅರ್ಧ ಅರ್ಥವಾಯಿತೋ ಏನೋ. ಎಲ್ಲ ಕೇಳಿ ಕೊನೆಗೆ ಅಂದಳು:

"ನೀನು ಹಾಗೆ ನೋಡದೆ ಒತ್ತುವವಳಲ್ಲ ಅಲ್ವಾ. ಎಂತ ಆಗಿತ್ತು ಆ ದಿನ?"

"ಮಾರ್ಚ್ ಹದಿನಾಲ್ಕು," ಅಂದಳು ರೊಸಲಿನ್.

ಆ ಕಡೆ ಗರಗರ ನಿಂತಿತು.

"ನಿನ್ನನ್ನು ಬಿಟ್ಟು ನೇರ ಇಲ್ಲಿಗೆ ಬಂದು ಕೂತಿದ್ದೆ. ಎದುರಿಗೆ ಎಂತ ಬಂತು, ಎಂತ ಹೋಯ್ತು, ಒಂದೂ ಕಾಣ್ಲಿಲ್ಲ ನಂಗೆ. ಫಾರಂನಲ್ಲಿ ಕಾರಣ ಬರೀಲಿಕ್ಕೆ ಹೇಳಿದ್ರು. ಗಮನ ಇರ್ಲಿಲ್ಲ ಅಂತ ಬರೆದೆ. ಬೇರೆ ಎಂತ ಬರೀಲಿ? ಸ್ವೀಡಲ್ ಹೋದಳು ಅಂತ ಬರೀಲಿಕ್ಕೆ ಆಗ್ತದಾ?"

ಸ್ವೀಡಲ್ ಏನೋ ಹೇಳಲು ಹೊರಟು ಮಧ್ಯದಲ್ಲೇ ಬಿಟ್ಟಳು. ಅವಳು ಮಾತಿಗೆ ತಡವರಿಸಿದ್ದನ್ನು ರೊಸಲಿನ್ ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ.

"ಒಳಗೆ ಹೋದ ಮೇಲೆ ನಾನು ವಾಪಸ್ ಬಂದಿದ್ದೆ, ಗೊತ್ತುಂಟಾ ನಿಂಗೆ?" ಎಂದಳು ಕೊನೆಗೆ. "ಪಾಸ್‌ಪೋರ್ಟಿಗೆ ಸೀಲ್ ಹಾಕಿ ಆಗಿತ್ತು. ಆ ಕೌಂಟರಿನ ಹುಡುಗಿಯ ಹತ್ರ ಹೋಗಿ, ನನ್ನ ಫ್ರೆಂಡ್ ಹೊರಗೆ ಇದ್ದಾಳೆ, ಎರಡು ನಿಮಿಷ ಬಿಡು, ಒಂದು ಮಾತು ಹೇಳಿ ಬರ್ತೇನೆ ಅಂದೆ. ಅವಳು ನೋಡಿದಳು, ವೀಸಾ ಕ್ಯಾನ್ಸಲ್. ಮಾಫಿ, ಆಗುದಿಲ್ಲ ಅಂತ ಕೈ ಆಡಿಸಿದಳು. ಅಲ್ಲೇ ಬೆಂಚಿನಲ್ಲಿ ಕೂತು ಅತ್ತೆ ರೋಜಿ. ಪಕ್ಕದಲ್ಲಿ ಯಾರೋ ನೀರು ಕೊಟ್ರು."

"ಎಂತ ಮಾತು ಹೇಳ್ಲಿಕ್ಕಿತ್ತು?"

"ಎಂತದೂ ಇಲ್ಲ. ನೀನು ಬೆನ್ನು ತಳ್ಳಿದ್ದಿ ಅಲ್ವಾ, ನನಗೆ ಸಿಟ್ಟು ಬಂದಿತ್ತು. ಇವಳಿಗೆ ನಾನು ಬೇಗ ಹೋದ್ರೆ ಸಾಕು ಅಂತ ಉಂಟು ಅಂತ ಕಂಡಿತು."

"ನಾನು ಅಳ್ತೇನೆ ಅಂತ ತಳ್ಳಿದ್ದು."

"ಈಗ ಹೇಳ್ತಿಯಾ ಅದನ್ನು? ಜೂನ್‌ನಲ್ಲಿ?"

ಇಬ್ಬರೂ ಸ್ವಲ್ಪ ನಕ್ಕರು. ಲಾಬಿಯ ಸೆಕ್ಯುರಿಟಿ ಈ ಕಡೆ ನೋಡಿದ. ರೊಸಲಿನ್ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ಆ ಕಡೆ ಅಕ್ಕ ಕರೆದದ್ದು ಕೇಳಿಸಿತು. ಯಾರೋ ಬ್ಲೌಸ್ ಒಯ್ಯಲು ಬಂದಿದ್ದರು. ರಾತ್ರಿ ಮಾಡ್ತೇನೆ, ಖಂಡಿತ ಮಾಡ್ತೇನೆ, ಎಂದು ಸ್ವೀಡಲ್ ಕರೆ ಮುಗಿಸಿದಳು.

ರಾತ್ರಿ ಕರೆ ಬರಲಿಲ್ಲ. ಮರುದಿನ ಬೆಳಿಗ್ಗೆ ಎಂದಿನ ಹೂವಿನ ಚಿತ್ರ ಬಂತು. ಸ್ವೀಡಲ್‌ಗೆ ಅಲ್ಲಿ ಅಕ್ಕ ಇದ್ದಳು, ಹೊಲಿಗೆ ಕಲಿಯಲು ಬರುವ ಹುಡುಗಿಯರಿದ್ದರು, ಮದುವೆ ಮುಂಜಿಯೆಂದು ಕರೆಯುವ ಒಂದು ಊರೇ ಇತ್ತು. ಕೂಗುವ ದೂರದಲ್ಲಿ ಇಲ್ಲದವಳು ನೆನಪಾಗುವುದು ಕಡಿಮೆಯೇ. ರೊಸಲಿನ್‌ಗೆ ಅದು ಅರ್ಥವಾಗುತ್ತಿತ್ತು. ಅರ್ಥವಾದ ಮಾತ್ರಕ್ಕೆ ಕೋಣೆಯ ಮೌನವೇನೂ ಕಡಿಮೆಯಾಗಲಿಲ್ಲ.

ಮೂರನೆಯ ದಿನ ಸಂಜೆ ಕೆಲಸ ಬಿಟ್ಟು ಬಂದವಳು ಒಲೆಯ ಮೇಲೆ ಅನ್ನಕ್ಕಿಟ್ಟು, ಈರುಳ್ಳಿ ಮತ್ತು ಚೂರಿ ಎದುರಿಗಿಟ್ಟುಕೊಂಡು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ಆ ಕಡೆಯಿಂದ ಕರೆ ಬರಲಿ ಎಂದು ಈ ಸಲ ಕಾಯಲಿಲ್ಲ, ತಾನೇ ಮಾಡಿದಳು.